ಒಂದೇ ಸಲ ಕರೆಯುವ ದೆವ್ವ

ಬಳ್ಳಾರಿಯ ಸತ್ಯನಾರಾಯಣಪೇಟೆಯ ಮೌನಿಕಾ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಬಿಡುವಿನಲ್ಲಿ ಎರಡು ವರ್ಷ ಕೂತು ಮೊಬೈಲಿಗೊಂದು ದೆವ್ವದ ಆಟ ಮಾಡಿದಳು. ಮೊದಲ ವಾರ ಸಾವಿರ ಜನ ಇಳಿಸಿಕೊಂಡರು. ಆದರೆ ಮರುದಿನವೂ ಆಡಿದವರು ನೂರಕ್ಕೆ ನಾಲ್ವರು. ಹೀಗೇ ಆದರೆ ಆಟವನ್ನೇ ತೆಗೆದುಬಿಡುವುದೆಂದುಕೊಂಡಳು.

ಬಾದನಹಟ್ಟಿಯಿಂದ ಬಂದಿದ್ದ ಅಜ್ಜಿ ದೊಡ್ಡಬಸಮ್ಮ ಇಣುಕಿ ನೋಡಿದಳು. ಆಟದ ದೆವ್ವ ಬಾಗಿಲಾಚೆಯಿಂದ ಮತ್ತೆ ಮತ್ತೆ ಹೆಸರು ಕೂಗುತ್ತಿತ್ತು.

"ಇದೇನ್ ದೆವ್ವನೋ, ಹಾಲಿನಾಕಿನೋ? ದೆವ್ವ ಒಂದೇ ಸಲ ಕರಿತೈತಿ. ಅದಕ್ಕ ನಾವು ಮೂರು ಸಲ ಕರದ್ರ ಮಾತ್ರ ಓ ಅಂತೀವಿ. ಮರ್ತಿಯೇನವ್ವಾ?"

ಮರೆತಿದ್ದಳು. ಚಿಕ್ಕಂದಿನಲ್ಲಿ ಮೂರನೆಯ ಕೂಗಿಗಾಗಿ ಉಸಿರು ಬಿಗಿಹಿಡಿದು ಕಾದವಳು, ಹೆಚ್ಚು ಜನ ಆಡುವ ಆಟಗಳನ್ನು ನೋಡಿ ತನ್ನದರಲ್ಲೂ ಕಿರುಚಾಟ ತುಂಬಿದ್ದಳು. ಅದನ್ನೆಲ್ಲ ತೆಗೆದಳು. ಈಗ ಪರಿಚಿತ ದನಿಯೊಂದು ಒಂದು ಸಲ ಕರೆಯುತ್ತದೆ, ಆಮೇಲೆ ಮೌನ. ಓಗೊಡುವುದೋ ಕಾಯುವುದೋ, ಆಡುವವರಿಗೇ ಬಿಟ್ಟದ್ದು.

ಮುಂದಿನ ತಿಂಗಳು ನೂರಕ್ಕೆ ಹತ್ತೊಂಬತ್ತು ಮಂದಿ ಮರುದಿನವೂ ಬಂದರು. ಸಿರುಗುಪ್ಪದ ಹುಡುಗಿಯೊಬ್ಬಳು ಆಟದ ಪುಟದ ಕೆಳಗೆ ಅಭಿಪ್ರಾಯ ಬರೆದಿದ್ದಳು: "ನಮ್ಮವ್ವ ಊಟಕ್ಕ ಕರದ್ಲು, ನಾ ಓ ಅನ್ನಲಿಲ್ಲ. ಮೂರನೇ ಸಲ ಸೌಟು ಹಿಡಕೊಂಡೇ ಬಂದ್ಲು."

ಮೌನಿಕಾ ಅದನ್ನು ಅಜ್ಜಿಗೆ ಓದಿ ಹೇಳಿದಳು. ಆಟ ತೆಗೆಯುವ ಯೋಚನೆಯನ್ನೇ ಬಿಟ್ಟಳು.