ಜಪಾನ್ ಸಬ್ಬಸಿಗೆ

ಗಿಡಗಳ ವಿಷಯದಲ್ಲಿ ನನ್ನನ್ನು ಯಾರೂ ಸೋಲಿಸಲಾರರು ಎಂದು ಆಗ ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬಿದ್ದೇನೆ. ಐವತ್ತರ ದಶಕದಲ್ಲಿ ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ನಾನು ಹೈಸ್ಕೂಲಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಬಡಾವಣೆಯಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ತವರಿನಿಂದ ನಾನು ಜೋಪಾನವಾಗಿ ತಂದದ್ದು ಒಂದು ಕುಂಡ. ನೀಲಗಿರಿಯ ತೋಟವೊಂದರಲ್ಲಿ ಮಾಲಿಗಳ ಮೇಸ್ತ್ರಿಯಾಗಿದ್ದ ಅಪ್ಪ ತಾನೇ ಕಸಿ ಕಟ್ಟಿ, ಆರು ವರ್ಷ ಸಾಕಿದ ಜಪಾನಿನ ಮೇಪಲ್ ಗಿಡ. ಅಂಥದ್ದು ಅವನ ಬಳಿ ಇದ್ದದ್ದು ಅದೊಂದೇ. ಅದನ್ನೇ ನನಗೆ ಕೊಟ್ಟ.

ಮೊಣಕಾಲೆತ್ತರ, ಬೆರಳು ದಪ್ಪದ ಕಾಂಡ, ಬದನೆಕಾಯಿ ಬಣ್ಣದ ಎಲೆ. ಎಲೆಯೋ, ಯಾರೋ ಕತ್ತರಿ ಹಿಡಿದು ಎಳೆ ಎಳೆಯಾಗಿ ಸೀಳಿದ ಹಾಗೆ. ಅತ್ತೆ ನೋಡಿದವರೇ "ಜಪಾನ್ ಸಬ್ಬಸಿಗೆ" ಎಂದು ಹೆಸರಿಟ್ಟರು. ನನಗೆ ಸಿಟ್ಟು ಬಂತು, ಆದರೆ ಹೆಸರು ನಿಂತುಬಿಟ್ಟಿತು.

ಬೆಂಗಳೂರಿನ ಬಿಸಿಲಿಗೆ ಇದು ಬಾಳುವುದಿಲ್ಲ ಎಂದರು ಎಲ್ಲರೂ. ನಮ್ಮದು ಉತ್ತರ ಬಾಗಿಲ ಮನೆ. ಜಗಲಿಯ ನೆರಳಿನಲ್ಲಿ ಕುಂಡವಿಟ್ಟು, ಅದಕ್ಕೆ ಒದ್ದೆ ಗೋಣಿತಾಟು ಸುತ್ತಿದೆ. ಬಾಳಿತು.

ಡಿಸೆಂಬರಿನಲ್ಲಿ ಎಲೆಯೆಲ್ಲ ಉದುರಿತು. ಹೇರೋಹಳ್ಳಿಯಿಂದ ಹಾಲು ತರುತ್ತಿದ್ದ ಹೆಂಗಸು, "ಒಣ್ಗೋಗೈತೆ ಕಣವ್ವ, ಒಲೆಗಾಕಿ" ಎಂದಳು. ಅತ್ತೆಗೆ ಅಷ್ಟೇ ಸಾಕಾಯಿತು. "ಹಬ್ಬ ಬರ್ತಾ ಇದೆ. ಒಣಗಿದ ಗಿಡ ಬಾಗಿಲಲ್ಲಿ ಇರ್ಬಾರ್ದು ಕಣೇ. ಕಿತ್ತು ಹಾಕು."

"ಚಳಿಗೆ ಎಲೆ ಉದುರಿಸೋ ಜಾತಿ ಇದು. ಸತ್ತಿಲ್ಲ, ನೋಡಿ" ಎಂದು ಉಗುರಿನಿಂದ ಕಾಂಡದ ತೊಗಟೆ ಕೆರೆದೆ. ಒಳಗೆ ಹಸಿ ಹಸಿರು. ಅತ್ತೆ ಕನ್ನಡಕ ಏರಿಸಿ ನೋಡಿ, "ಅಯ್ಯೋ, ಹೌದಲ್ಲೇ!" ಎಂದರು. ಅವರನ್ನು ಒಪ್ಪಿಸಿದ ಖುಷಿ ಇದೆಯಲ್ಲ, ಪರೀಕ್ಷೆ ಪಾಸಾದಾಗಲೂ ನನಗೆ ಅಷ್ಟಾಗಿರಲಿಲ್ಲ.

ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಹೆಂಗಸರೆಲ್ಲ ಬೋಳು ಗಿಡ ನೋಡಿ ಹುಬ್ಬೇರಿಸಿದರು. ಅತ್ತೆಗೆ ಈಗ ಸೊಸೆಯ ವಿದ್ಯೆಯ ಮೇಲೆ ಅಭಿಮಾನ. "ಸತ್ತಿಲ್ಲ ರೀ. ಏನೇ, ಬಾ, ಇವರಿಗೂ ಹಸಿರು ತೋರ್ಸು!" ಎಂದು ಪ್ರತಿ ಸಲವೂ ಕೂಗುವರು. ಹಿಂದೆ ಕೆರೆದ ಜಾಗ ಅಷ್ಟರಲ್ಲಿ ಕಂದಾಗಿರುತ್ತಿತ್ತು. ಬಂದವರಿಗೆ ಹೊಸ ಹಸಿರೇ ಬೇಕು. ಪಕ್ಕದಲ್ಲೇ ಇನ್ನೊಂದು ಕೆರೆತ. ಎಳ್ಳು ಬೀರುವುದು ರಥಸಪ್ತಮಿಯವರೆಗೂ ನಡೆಯಿತು, ನನ್ನ ಪಾಠವೂ ನಡೆಯಿತು.

ಶಿವರಾತ್ರಿ ಹೊತ್ತಿಗೆ ಬದನೆ ಬಣ್ಣದ ಚಿಗುರು ಬಂತು. ಬೀಗಿದೆ. ಕೆಲವೇ ದಿನಕ್ಕೆ ಚಿಗುರು ಜೋತುಬಿತ್ತು. ನೀರು ಹಾಕಲು ಬಗ್ಗಿದಾಗ ಕಂಡಿತು: ಕಾಂಡದ ಸುತ್ತ, ಬಳೆ ತೊಡಿಸಿದಂತೆ, ತೊಗಟೆಯೇ ಇಲ್ಲದ ಒಂದು ಪಟ್ಟಿ. ಸುತ್ತಲೂ ತೊಗಟೆ ಬಿಡಿಸಿದರೆ ಗಿಡ ಸಾಯುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಡುತ್ತಿದ್ದವಳು ನಾನು! ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನಲ್ಲಿ ಬಿತ್ತಂತೆ. ಯಾರಿಗೂ ಹೇಳಲಿಲ್ಲ.

ಯುಗಾದಿ ಕಳೆದ ಮೇಲೆ ಬುಡದಲ್ಲಿ ಎರಡು ಚಿಗುರು ಒಡೆದವು. ಹಸಿರು, ಅಗಲ ಎಲೆ. ಕಸಿಗೆ ಆಸರೆಯಾಗಿದ್ದ ಸಾಮಾನ್ಯ ಮೇಪಲ್ ಬದುಕಿತ್ತು, ಅಪ್ಪ ಕಟ್ಟಿದ್ದು ಸತ್ತಿತ್ತು. ಅತ್ತೆ ಹಾಲಿನವಳನ್ನು ಕರೆದು, "ನೋಡು, ನಮ್ಮ ಸೊಸೆ ಹೇಳಿದ್ದೇ ನಿಜ ಆಯ್ತು" ಎಂದರು. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಹೊಗಳಿಕೆ ನನಗೆ ದಕ್ಕಲಿಲ್ಲ. ಅವಳು ಹೋದ ಮೇಲೆ, "ಇದು ಅಪ್ಪನ ಗಿಡ ಅಲ್ಲ. ಅದನ್ನ ನಾನೇ ಕೆರೆದು ಕೆರೆದು ಕೊಂದೆ" ಎಂದೆ. ಹೇಳುವಷ್ಟರಲ್ಲಿ ಅಳು ಬಂದುಬಿಟ್ಟಿತು.

ಅತ್ತೆ ಬಗ್ಗಿ ಆ ಪಟ್ಟಿಯ ಮೇಲೆ ಬೆರಳಾಡಿಸಿದರು.

"ಗೊತ್ತು ಕಣೇ, ಆಗ್ಲೇ ನೋಡಿದ್ದೆ. ಬಾ ಬಾ ಅಂತ ಕೂಗ್ತಾ ಇದ್ದವಳು ನಾನಲ್ವಾ? ನಿಮ್ಮಪ್ಪನಿಗೆ ಕಾಗದ ಬರಿ. ಇಬ್ಬರೂ ಸೇರಿ ಕೊಂದ್ವಿ ಅಂತ ಬರಿ."