ಬಡ್ತಿ ಬೇಡವೆಂದ ಕಂಡಕ್ಟರಮ್ಮ

ಇಪ್ಪತ್ತಾರು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ದುಡಿದ ಹೆಂಗಸಿಗೆ ಐವತ್ತೆರಡನೇ ವಯಸ್ಸಿನಲ್ಲಿ ಬಡ್ತಿ ಸಿಕ್ಕಿತು. ಡಿಪೋ ಆಫೀಸಿನಲ್ಲಿ ಒಂದು ಮೇಜು, ಫ್ಯಾನಿನ ಕೆಳಗೆ ಗಿರ್ರನೆ ತಿರುಗುವ ಕುರ್ಚಿ, ಯಾರು ಯಾವ ಬಸ್ಸಿಗೆ ಹೋಗಬೇಕೆಂದು ಪಾಳಿ ಪಟ್ಟಿ ಬರೆಯುವ ಕೆಲಸ. ಅವಳಿಗಿಂತ ಹೆಚ್ಚು ಹಿಗ್ಗಿದವನು ಗಂಡ. ಅವನದು ಗಡಿಯಾರ ರಿಪೇರಿ ಅಂಗಡಿ. ಬಂದವರಿಗೆಲ್ಲ ಗಡಿಯಾರಕ್ಕಿಂತ ಮೊದಲು ಹೆಂಡತಿ ಆಫೀಸರಾದ ಸುದ್ದಿ ಕೊಡುತ್ತಿದ್ದ. ಆಫೀಸರೇನೂ ಅಲ್ಲ ಬಿಡಿ, ಆದರೆ ಗಂಡಂದಿರ ಬಾಯಿಗೆ ಬೀಗ ಹಾಕುವವರು ಯಾರು?

ಎಂಟು ತಿಂಗಳಾಗುವಷ್ಟರಲ್ಲಿ ಕಂಡಕ್ಟರಮ್ಮನ ಬಟ್ಟೆಗಳು ಸೊಂಟದ ಹತ್ತಿರ ಜಗಳ ತೆಗೆದವು. ವರ್ಷದ ತಪಾಸಣೆಯಲ್ಲಿ ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ ಆರು ಪಾಯಿಂಟ್ ಎಂಟು ಎಂದು ಬಂತು; ಆರೂವರೆ ಮುಟ್ಟಿದರೇ ಸಕ್ಕರೆ ಕಾಯಿಲೆ. ಇದೇ ಸಕ್ಕರೆ ಅವಳ ಅಕ್ಕನ ಒಂದು ಕಣ್ಣನ್ನು ನುಂಗಿ ಹಾಕಿತ್ತು.

ಡಾಕ್ಟರಮ್ಮನ ಜೊತೆ ವಾದಕ್ಕೇ ಇಳಿದಳು. ತಾನು ತಿನ್ನುವುದು ಅಂದಿನಷ್ಟೇ, ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಕಾಲು ಮುರಿದು ಐದು ತಿಂಗಳು ಮಲಗಿದ್ದಾಗಲೂ ಏನೂ ಆಗಿರಲಿಲ್ಲ, ಈಗ ಬರೀ ಕೂತದ್ದಕ್ಕೆ ಇಷ್ಟೊಂದೇ ಎಂದು ಕೇಳಿದಳು. ತಾವೂ ಐವತ್ತು ದಾಟಿದ್ದ ಡಾಕ್ಟರಮ್ಮ ನಕ್ಕರು.

"ಆಗ ನಿಮ್ಮ ಹಾರ್ಮೋನು ಕಾವಲಿಗಿತ್ತು. ಮುಟ್ಟು ನಿಂತು ಎರಡು ವರ್ಷ ಆಯ್ತಲ್ಲ, ಅದು ಕೆಲಸ ಬಿಟ್ಟು ಹೋಯ್ತು. ಇನ್ನು ಕಾಲು ತೋಳು ದುಡಿದ್ರೇನೇ ಸಕ್ಕರೆ ಕರಗೋದು."

ಮರುದಿನವೇ ಅವಳು ಮತ್ತೆ ಬಸ್ಸಿಗೆ ಹಾಕಿ ಎಂದು ಅರ್ಜಿ ಕೊಟ್ಟಳು. ಮ್ಯಾನೇಜರ್ ಕಣ್ಣು ಕಣ್ಣು ಬಿಟ್ಟ. ಮೇಲೇರುವ ಅರ್ಜಿ ಎಷ್ಟೋ ನೋಡಿದ್ದ, ಕೆಳಗಿಳಿಯುವ ಅರ್ಜಿ ಇದೇ ಮೊದಲು. ಸಕ್ಕರೆ ಆರೂವರೆ ದಾಟಿದವರನ್ನು ಬಸ್ಸಿಗೆ ಕಳಿಸುವಂತಿಲ್ಲ ಎಂಬ ನಿಯಮ ತೋರಿಸಿ ಮೂರು ತಿಂಗಳ ಗಡುವು ಕೊಟ್ಟ. ಅಷ್ಟರಲ್ಲಿ ಇಳಿಯದಿದ್ದರೆ ನಿವೃತ್ತಿಯವರೆಗೂ ಕುರ್ಚಿಯೇ ಗತಿ. ನೋಡಿ ಚಂದ! ಕುರ್ಚಿ ಬಿಡಬೇಕಾದರೆ ಸಕ್ಕರೆ ಇಳಿಯಬೇಕು, ಸಕ್ಕರೆ ಏರಿಸಿದ್ದೇ ಆ ಕುರ್ಚಿ.

ಬೂಟು ಹಾಕಿಕೊಂಡು ಬೀದಿಯಲ್ಲಿ ಬೀಸುನಡಿಗೆ ಹೋಗಲು ಅವಳಿಗೆ ನಾಚಿಕೆ. ಆದರೆ ಡಿಪೋ ಅಂಗಳದಲ್ಲಿ ಸಂಜೆಗೆ ಮೂವತ್ತೆರಡು ಬಸ್ಸುಗಳು ಸಾಲಾಗಿ ನಿಲ್ಲುತ್ತವೆ. ದಿನಾ ಕೆಲಸ ಮುಗಿದ ಮೇಲೆ ಎರಡು ಕೈಯಲ್ಲೂ ನೀರು ತುಂಬಿದ ಕ್ಯಾನು ಹಿಡಿದು ಮುಂದಿನ ಬಾಗಿಲಲ್ಲಿ ಹತ್ತುವಳು, ಸೀಟುಗಳ ನಡುವೆ ಸರಸರ ನಡೆದು ಹಿಂದಿನ ಬಾಗಿಲಲ್ಲಿ ಇಳಿಯುವಳು, ಪಕ್ಕದ ಬಸ್ಸು ಹತ್ತುವಳು. ಏನೋ ಕಳೆದುಕೊಂಡಿದ್ದಾಳೆಂದು ವಾಚ್‌ಮನ್ ಪಾಪ ಎರಡು ದಿನ ಸೀಟಿನಡಿಯೆಲ್ಲ ಟಾರ್ಚು ಹಾಕಿ ಹುಡುಕಿದ. ಮೊದಲ ವಾರ ಮಂಡಿ ಬೊಬ್ಬೆ ಹೊಡೆದವು. ನಡುನಡುವೆ ಮೈಯೊಳಗಿಂದ ಝಳ ಎದ್ದು ಬೆವರು ಕಿತ್ತುಕೊಂಡು ಬರುತ್ತಿತ್ತು. ಅವಳು ಜಗ್ಗಲಿಲ್ಲ.

ಅರ್ಜಿಯ ಸುದ್ದಿ ಗಂಡನ ಕಿವಿಗೆ ಬಿತ್ತು. ಬೀದಿಗೆಲ್ಲ ಹೇಳಿಕೊಂಡು ಬಂದವನಿಗೆ ಈಗ ಮುಖ ಎಲ್ಲಿಡುವುದೆಂಬ ಚಿಂತೆ. ಒಂದು ವಾರ ಅಂಗಡಿಗೆ ಬಂದವರ ಹತ್ತಿರ ಬರೀ ಗಡಿಯಾರದ ಮಾತೇ ಆಡಿದ. ಕೊನೆಗೆ ಒಂದು ಸಂಜೆ ಬುದ್ಧಿ ಹೇಳಿಯೇ ಬಿಡುತ್ತೇನೆಂದು ಡಿಪೋಗೆ ಬಂದ. ಅವಳು ನಿಲ್ಲಬೇಕಲ್ಲ! ಬುದ್ಧಿ ಹೇಳುತ್ತ ಹೇಳುತ್ತ ಅವನೂ ಹಿಂದೆಯೇ ಹತ್ತಿ ಇಳಿದ. ಏಳನೇ ಬಸ್ಸಿಗೆ ಬುದ್ಧಿವಾದವೂ ಮುಗಿಯಿತು, ಉಸಿರೂ ಮುಗಿಯಿತು. ಸೀಟಿನ ಮೇಲೆ ಕುಸಿದು ಹೆಂಡತಿಯನ್ನು ನೋಡಿದ. ಅವಳು ಬೆವರುತ್ತಿದ್ದಳು, ಆದರೆ ಏದುಸಿರಿರಲಿಲ್ಲ. ಅಕ್ಕನ ಹಾಗೆ ನನಗಾಗುವುದು ಬೇಡ ಎಂದಳು, ಅಷ್ಟೇ.

"ಆ ಕುರ್ಚಿ ಹಾಳಾಗಿ ಹೋಗ್ಲಿ," ಎಂದ. "ನೀನು ಚೆನ್ನಾಗಿದ್ರೆ ನನಗಷ್ಟೇ ಸಾಕು."

ಮೂರು ತಿಂಗಳ ಮೇಲೆ ಚೀಟಿ ಬಂತು: ಆರು ಪಾಯಿಂಟ್ ನಾಲ್ಕು. ಡಾಕ್ಟರಮ್ಮ, ಗೆದ್ದೆ ಎಂದು ಮೈಮರೆಯಬೇಡಿ, ನಡೆಯುವುದನ್ನು ಬಿಡಬೇಡಿ ಎಂದು ಗದರಿಯೇ, ಬಸ್ಸಿಗೆ ಹೋಗಬಹುದೆಂಬ ಕಾಗದಕ್ಕೆ ಸಹಿ ಹಾಕಿದರು.

ಸೋಮವಾರ ಬೆಳಿಗ್ಗೆಯ ಮೊದಲ ಬಸ್ಸು ತುಂಬಿ ತುಳುಕುತ್ತಿತ್ತು. ಹಳೇ ಪರಿಚಯದ ಅಜ್ಜಿಯೊಬ್ಬಳು ಅವಳನ್ನು ಕಂಡು ಅರಳಿದಳು. ಇಷ್ಟು ದಿನ ಕಾಣದವಳು ಕಾಯಿಲೆ ಬಿದ್ದೇ ಎದ್ದಿರಬೇಕೆಂದುಕೊಂಡು ಸರಿದು ಕೂತು ಪಕ್ಕದಲ್ಲಿ ಜಾಗ ಮಾಡಿದಳು.

"ಸುಸ್ತಾಗಿರ್ತೀಯಮ್ಮ, ಸ್ವಲ್ಪ ಕೂತ್ಕೋ."

"ಕೂತು ಕೂತೇ ಸುಸ್ತಾಗಿದ್ದು ಅಜ್ಜಿ," ಎಂದಳು ಕಂಡಕ್ಟರಮ್ಮ. "ಎಲ್ಲಿಗೆ ಟಿಕೆಟ್ ಕೊಡ್ಲಿ?"