ಕೂತು ಆಡುವ ಇಂಗ್ಲಿಷ್

ಕಾಡುಗೋಡಿಯ ನಮ್ಮ ಮನೆಯ ಮಹಡಿಯಲ್ಲಿ ಸಂಜೆ ಹೊತ್ತು ನಾನು ಇಂಗ್ಲಿಷ್ ಹೇಳಿಕೊಡುತ್ತೇನೆ. ಹೈಸ್ಕೂಲು ಮಕ್ಕಳು, ಫ್ಯಾಕ್ಟರಿ ಹುಡುಗಿಯರು, ಯಾರು ಬಂದರೂ ಸರಿ. ಕಾಮಾ ಎಲ್ಲಿ ಹಾಕಬೇಕು, ಈ ಪದಕ್ಕೇನು ಅರ್ಥ ಎಂದು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳಿ ತಲೆ ತಿನ್ನುತ್ತಾರೆ. ನನಗೋ ತಾಳ್ಮೆ ಕಡಿಮೆ. ಬೈಯುತ್ತೇನೆ, ಮತ್ತೆ ಹೇಳಿಕೊಡುತ್ತೇನೆ.

ಹೋದ ವರ್ಷ ಒಬ್ಬ ತಾಯಿ ಬಂದಳು. ಯಾದಗಿರಿ ಕಡೆಯವಳು, ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸ. ಮಗಳನ್ನು ಒಂದನೇ ಕ್ಲಾಸಿಗೆ ಖಾಸಗಿ ಶಾಲೆಗೆ ಸೇರಿಸುವ ಹಟ ಅವಳದು. ಅಲ್ಲಿ ಹೆತ್ತವರನ್ನೂ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಮಾತಾಡಿಸುತ್ತಾರೆ. ಸುಮ್ಮನೆ ಮಾತುಕತೆ ಅನ್ನುತ್ತಾರೆ, ಆದರೆ ತಡವರಿಸಿದರೆ ಸೀಟು ಕೈತಪ್ಪಿದ ಹಾಗೇ.

“ಅಕ್ಕಾರ, ಇಂಗ್ಲಿಷ್ ಸ್ವಲ್ಪ ಬರ್ತದ್ರೀ. ತಪ್ಪಿದ್ದಲ್ಲಿ ತಿದ್ದಿ ಕೊಡ್ರಿ,” ಎಂದಳು.

ನಿಜವಾಗಿಯೂ ಬರುತ್ತಿತ್ತು. “ಪ್ಲಂಬರ್ ಟುಮಾರೋ ಕಮ್ ಮೇಡಂ” ಎನ್ನುತ್ತಿದ್ದವಳು ಒಂದೇ ತಿಂಗಳಲ್ಲಿ “ವಿಲ್ ಕಮ್” ಎನ್ನತೊಡಗಿದಳು. ಆದರೆ ಬಾಗಿಲ ಹತ್ತಿರ ನಿಂತೇ ಮಾತಾಡುತ್ತಿದ್ದಳು. ಕುರ್ಚಿಯಲ್ಲಿ ಕೂರಿಸಿದರೆ ಮುಗಿಯಿತು, ತುಟಿಪಿಟಿಕ್ ಇಲ್ಲ!

“ಏನೇ ಇದು ನಾಟಕ? ನಿಂತ್ರೆ ಬರತ್ತೆ, ಕೂತ್ರೆ ಬರಲ್ವಾ?” ಎಂದು ರೇಗಿದೆ.

“ನಾ ಕೆಲಸಕ್ಕ ಹೋಗೋ ಮನಿಗಳಾಗ ಯಾರೂ ನನಗ ಕುಂದ್ರು ಅಂದಿಲ್ರೀ. ಇಂಗ್ಲಿಷೆಲ್ಲಾ ಬಾಗಲದಾಗ ನಿಂತೇ ಕಲ್ತೀನಿ. ಕುಂತ್ರ ಬಾಯಿಗೇ ಬರಂಗಿಲ್ಲ.”

ನನ್ನ ಸಿಟ್ಟು ಆ ಮನೆಗಳ ಮೇಲೆ ತಿರುಗಿತು. ಆಮೇಲೆ ದಿನಾ ಕುರ್ಚಿಯಲ್ಲಿ ಕೂರಿಸಿ ಅಭ್ಯಾಸ ಮಾಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಶಾಲೆಯ ಮಾತುಕತೆಯ ದಿನ ಹತ್ತಿರವಾದ ಹಾಗೆಲ್ಲ ಅವಳಿಗಿಂತ ನನಗೇ ಗಡಿಬಿಡಿ.

ಅವಳ ಗಂಡನಿಗೆ ಅಂದು ಕಟ್ಟಡ ಕೆಲಸದ ಸೈಟಿನಲ್ಲಿ ರಜೆ ಸಿಗಲಿಲ್ಲ. ಮಗುವಿನ ದೊಡ್ಡಮ್ಮ ಎಂದು ಹೇಳಿಕೊಂಡು ನಾನೇ ಜೊತೆಗೆ ಹೋದೆ. ಪ್ರಿನ್ಸಿಪಾಲರು ಮಗು ಸೇರಿ ನಮ್ಮ ಮೂವರನ್ನೂ ಕೂರಿಸಿ, ಮನೆಯಲ್ಲಿ ಮಗುವಿಗೆ ಓದಿಸುವವರು ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇವಳು ಗಪ್‌ಚುಪ್. ನಾನು ಬಾಯಿ ತೆರೆಯಲು ಹೋದರೆ, ತಾಯಿಯೇ ಹೇಳಲಿ ಎಂದು ಕೈಯಲ್ಲೇ ತಡೆದರು. ಅಯ್ಯೋ ದೇವರೇ, ಹೇಳಮ್ಮ ಎಂದು ಒಳಗೇ ಗೋಗರೆದೆ.

ಅವಳು ತಟ್ಟನೆ ಎದ್ದು ನಿಂತಳು. ಇಂಗ್ಲಿಷ್ ಬಂತು ನೋಡಿ, ಒಂದೂ ತಪ್ಪಿಲ್ಲ! ಡ್ಯೂಟಿ ಮುಗಿಸಿ ಬಂದು ತಾನೇ ಓದಿಸುತ್ತೇನೆ, ಅಕ್ಷರ ಗೊತ್ತಾಗದಿದ್ದರೆ ಕೇಳಿ ತಿಳಿದುಕೊಳ್ಳುತ್ತೇನೆ ಎಂದಳು. ಭಲೇ ಹುಡುಗಿ ಎಂದುಕೊಂಡೆ. ಪ್ರಿನ್ಸಿಪಾಲರು ಕೂರಲು ಹೇಳಿದರೂ ಅವಳು ಕೂರಲಿಲ್ಲ. ಅಷ್ಟರಲ್ಲಿ ಮಗುವೂ ಕುರ್ಚಿಯಿಂದ ಜಾರಿ ಇಳಿದು, ಅವಳ ಹಾಗೆಯೇ ಕೈಕಟ್ಟಿ ಪಕ್ಕದಲ್ಲಿ ನಿಂತಿತು.

“ನೀನ್ಯಾಕೆ ನಿಂತೆ ಪುಟ್ಟಾ?” ಎಂದರು ಪ್ರಿನ್ಸಿಪಾಲರು.

“ಅವ್ವ ನಿಂತಾಳಲ್ರೀ.”

ತಾಯಿಯ ಮುಖದ ಬಣ್ಣವೇ ಬದಲಾಯಿತು. ಮಗುವನ್ನೆತ್ತಿ ಕುರ್ಚಿಯ ಮೇಲೆ ಕೂರಿಸಿ, ತಾನೂ ಕೂತಳು. ಮುಂದಿನ ಪ್ರಶ್ನೆ ಬಂತು. ನನ್ನ ಕಡೆ ಒಮ್ಮೆ ನೋಡಿ ಕನ್ನಡದಲ್ಲೇ ಹೇಳಿದಳು: “ಮೇಡಂ, ನನಗ ಕುಂತು ಇಂಗ್ಲಿಷ್ ಬರಂಗಿಲ್ರೀ. ನಾ ನಿಂತ್ರ ಈಕೀನೂ ನಿಲ್ತಾಳ. ಆಕಿ ಎಲ್ಲೂ ಹಿಂಗ ನಿಲ್ಲಬಾರದಂತನ ಇಲ್ಲಿಗೆ ಕರ್ಕೊಂಡು ಬಂದೀನಿ.” ಉಳಿದದ್ದನ್ನೂ ಕೂತೇ, ಕನ್ನಡದಲ್ಲೇ ಹೇಳಿ ಮುಗಿಸಿದಳು. ಪ್ರಿನ್ಸಿಪಾಲರು ನಕ್ಕು, ತಿಳಿಸುತ್ತೇವೆ ಎಂದರು.

ಆ ವಾರವೇ ಶಾಲೆಯಿಂದ ಅವಳ ಫೋನಿಗೆ ಮೆಸೇಜು ಬಂತು. ನನಗೆ ಕೊಡದೆ, ತಾನೇ ಅಕ್ಷರ ಕೂಡಿಸಿಕೊಂಡು ಓದಿದಳು. ಒಂದೇ ಪದ ಅವಳಿಗೆ ಹೊಸದು.

“ರಿಗ್ರೆಟ್ ಅಂದ್ರ ಏನ್ರೀ ಅಕ್ಕಾರ?”

ಸೀಟು ಕೈತಪ್ಪಿತೆಂದು ತಿಳಿದು ನನಗೆ ಸಿಟ್ಟು ಬಂತು. “ಬೇಜಾರಾಗಿದೆ ಅಂತ ಕಣೇ,” ಎಂದೆ.

ಅವಳು ಫೋನನ್ನೇ ನೋಡುತ್ತ ಕೇಳಿದಳು: “ಯಾರಿಗ್ರೀ, ಅವರಿಗಾ?”